ಬಾಯಿ ತೆಗಿ, ನೋಡೋಣ

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಹೇಳಿಕೊಂಡುಬಿಡುವುದು ವಾಸಿ, ಇಲ್ಲದಿದ್ದರೆ ನನ್ನ ಗಂಡ ಹೇಳುತ್ತಾರೆ. ತುದಿ ಮುರಿದು ನೋಡದೆ ಒಂದು ಬೆಂಡೆಕಾಯಿಯನ್ನೂ ಚೀಲಕ್ಕೆ ಹಾಕಿದವಳಲ್ಲ ನಾನು. ಹಾಲು ಹಾಕುವವನು ಎದುರಿಗೆ ನಿಂತಿರುವಾಗಲೇ ಹಾಲಿಗೆ ಬೆರಳದ್ದಿ ನೋಡಿದ್ದೇನೆ. ಅಜ್ಜಂಪುರದ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಆನ್‌ಲೈನ್ ಅಂಗಡಿಯಲ್ಲಿ ನನ್ನ ಕೆಲಸ. ಪಹಣಿ ತೆಗೆದುಕೊಡುವುದು, ಖಾತೆ ಬದಲಾವಣೆಗೆ ಅರ್ಜಿ ಹಾಕುವುದು, ಇಂಥವು. ದಿನವಿಡೀ ಜನ ಕಂಪ್ಯೂಟರಿನ ಮುಂದೆ ಕುಳಿತು ಅರ್ಧ ಹೇಳುತ್ತಾರೆ, ಅರ್ಧ ಬಚ್ಚಿಡುತ್ತಾರೆ. "ನಾನೊಬ್ನೇ ಮಗ ಕಣಮ್ಮಾ" ಎನ್ನುತ್ತಾರೆ, ವಂಶವೃಕ್ಷ ತೆಗೆದು ನೋಡಿದರೆ ಮೂರು ಜನ ಅಕ್ಕತಂಗಿಯರು ಸಾಲಾಗಿ ಇರುತ್ತಾರೆ. ಹಗಲೆಲ್ಲ ಇದನ್ನು ನೋಡಿ ಸಂಜೆ ಮನೆಗೆ ಬಂದವಳಿಗೆ, ಎಲ್ಲರ ಮಾತನ್ನೂ ಕಣ್ಣು ಮುಚ್ಚಿಕೊಂಡು ನಂಬು ಎಂದರೆ ಹೇಗೆ ಸಾಧ್ಯ?

ಮಗಳಿಗೆ ಮೂರು ವರ್ಷ ತುಂಬಿದ ಮೇಲೆ ಒಂದು ಬದಲಾವಣೆ ಕಂಡಿತು. ಓಡಾಟ ಕಮ್ಮಿಯಾಯಿತು. ಹೊಸಿಲ ಮೇಲೆ ಕುಳಿತಳೆಂದರೆ ಅಲ್ಲೇ ಕುಳಿತಿರುತ್ತಿದ್ದಳು. ಗೋಡೆಯ ಮಣ್ಣು ಕೆರೆದು ಬಾಯಿಗೆ ಹಾಕಿಕೊಳ್ಳುವುದನ್ನು ಬೇರೆ ಕಲಿತಿದ್ದಳು. ತರೀಕೆರೆಗೆ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ನಾಲಿಗೆ ನೋಡಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಚೀಟಿ ಬಂದ ಮೇಲೆ ನಿಧಾನವಾಗಿ ಹೇಳಿದರು: "ರಕ್ತ ಬಹಳ ಕಮ್ಮಿ ಇದೆಯಮ್ಮ. ಟಾನಿಕ್ ಬರೆದಿದ್ದೀನಿ. ಆದ್ರೆ ಬರೀ ಟಾನಿಕ್ ನಂಬ್ಕೊಂಡು ಕೂರಬೇಡಿ, ಸೊಪ್ಪು ತರಕಾರಿ ಹೊಟ್ಟೆಗೆ ಹೋಗ್ಬೇಕು. ಎರಡು ತಿಂಗಳು ಬಿಟ್ಟು ಬನ್ನಿ. ಆಗ್ಲೂ ಏರದೇ ಇದ್ರೆ ಶಿವಮೊಗ್ಗಕ್ಕೆ ಕಳಿಸಿ ಅಡ್ಮಿಟ್ ಮಾಡಿಸಿ ನೋಡ್ಬೇಕಾಗುತ್ತೆ."

ಅಡ್ಮಿಟ್ ಎಂಬ ಮಾತು ಕೇಳಿ ಮಗಳನ್ನು ಮಡಿಲಿಗೆ ಎಳೆದುಕೊಂಡೆ. ಆ ಪುಟ್ಟ ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ ಹಾಗೆ ಅಲ್ಲೇ ಕಂಡುಬಿಟ್ಟಿತು. ಬಸ್ಸಿನಲ್ಲಿ ವಾಪಸ್ಸು ಬರುವಾಗ, ಎರಡು ತಿಂಗಳು ಈ ಮಗುವಿನ ಬಾಯಿಯೊಳಗೆ ಹೋಗುವ ಪ್ರತಿಯೊಂದು ತುತ್ತನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತೇನೆ ಎಂದು ತೀರ್ಮಾನ ಮಾಡಿದೆ.

ಮಾಡಿದೆ ಕೂಡ. ಮೊಬೈಲಿನಲ್ಲಿ ಯಾರೋ ತೋರಿಸಿದಂತೆ ಕ್ಯಾರೆಟ್ಟನ್ನು ಹೂವಿನ ಆಕಾರಕ್ಕೆ ಕತ್ತರಿಸಿ ಇಟ್ಟೆ. ಹೂವು ಚೆನ್ನಾಗಿದೆ ಎಂದು ಕಿವಿಗೆ ಸಿಕ್ಕಿಸಿಕೊಂಡಳು. ಹೀರೇಕಾಯಿಯನ್ನು ದೋಸೆ ಹಿಟ್ಟಿಗೆ ರುಬ್ಬಿ ಹಾಕಿದೆ. ದೋಸೆಯನ್ನು ಮೂಸಿ ನೋಡಿ, ಆಮೇಲೆ ನನ್ನ ಮುಖ ನೋಡಿದಳು. ಆ ನೋಟ ನನ್ನದೇ, ಬೇರೆ ಯಾರಿಂದಲೂ ಬಂದಿದ್ದಲ್ಲ. ಹುರುಳಿಕಾಯಿ, ನವಿಲುಕೋಸು, ಕುಂಬಳಕಾಯಿ, ಏನು ಕೊಟ್ಟರೂ ಒಂದು ಸಲ ಹಲ್ಲಿಗೆ ಸಿಕ್ಕಿತೆಂದರೆ ಮುಗಿಯಿತು, ಕೆನ್ನೆಯ ಸಂದಿಯಲ್ಲಿ ಇಟ್ಟುಕೊಂಡು ಕೂರುವಳು. ನಾನು "ಬಾಯಿ ತೆಗಿ, ನೋಡೋಣ" ಎನ್ನುವೆ. ಅವಳು ತೆಗೆಯಳು. ನಾನು ಗದರುವೆ, ತೆಗೆಯುವಳು. ನಾಲಿಗೆ ಎತ್ತು ಎನ್ನುವೆ. ಕೊನೆಗೆ ಕೆನ್ನೆಯೊಳಗೆ ಬೆರಳು ಹಾಕಿ ಹುಡುಕುವೆ. ಒಂದು ದಿನ ಚೆನ್ನಾಗಿ ಕಚ್ಚಿದಳು. ನಾನು ಅತ್ತೆ, ಅವಳೂ ಅತ್ತಳು, ಹುರುಳಿಕಾಯಿ ಮಾತ್ರ ಹಾಗೇ ಉಳಿಯಿತು.

ನಮ್ಮ ಮನೆಯಲ್ಲಿ ನಾವು ನಾಲ್ಕು ಜನ. ಶಿವನಿಯಿಂದ ಸ್ವಲ್ಪ ಒಳಗೆ ನಮ್ಮ ಹಳ್ಳಿ. ಗಂಡ ಬೆಳಗಿನ ರೈಲಿಗೆ ಕಡೂರಿಗೆ ಹೋಗುತ್ತಾರೆ, ಅಲ್ಲಿ ಮೋಟರ್ ರಿವೈಂಡಿಂಗ್ ಮಾಡುವ ಅಂಗಡಿ ಇದೆ. ನಾನು ಬಸ್ಸಿಗೆ ಅಜ್ಜಂಪುರಕ್ಕೆ. ಮಗಳನ್ನು ಇನ್ನೂ ಅಂಗನವಾಡಿಗೆ ಹಾಕಿರಲಿಲ್ಲ, ಹಗಲೆಲ್ಲ ನನ್ನ ಅತ್ತೆಯವರ ಹತ್ತಿರ ಇರುತ್ತಿದ್ದಳು. ಬೆರಳು ಕಚ್ಚಿಸಿಕೊಂಡ ಮಾರನೆಯ ದಿನ ಅತ್ತೆ ಹೇಳಿದರು: "ಮಧ್ಯಾಹ್ನದೂಟ ನಂಗ್ ಬಿಡವ್ವಾ. ನೀನು ನೆಮ್ಮದಿಯಾಗಿ ಕೆಲ್ಸಕ್ಕೋಗು. ನಾನು ತಿನ್ನುಸ್ತೀನಿ."

ಬಿಟ್ಟೆ. ಆದರೆ ಒಂದು ಷರತ್ತು ಹಾಕಿದೆ, ಮುದ್ದೆ ಕೊಡಕೂಡದು ಎಂದು.

ಅದಕ್ಕೆ ಕಾರಣ ಹೇಳಬೇಕು. ನನ್ನ ತವರು ಲಿಂಗದಹಳ್ಳಿಯ ಕಡೆ. ನಮ್ಮಲ್ಲಿ ಮೂರು ಹೊತ್ತೂ ಅನ್ನ. ಮದುವೆಯಾಗಿ ಬಂದ ಹೊಸದರಲ್ಲಿ ಇಲ್ಲಿ ತಟ್ಟೆಗೆ ಬಿಸಿ ಮುದ್ದೆ ಹಾಕಿದರು. ನಾನು ಮುರಿದು ಬಾಯಿಗಿಟ್ಟು ಅಗಿದೆ. ಹಲ್ಲಿಗೆ, ದವಡೆಗೆ, ಅಂಗುಳಕ್ಕೆ ಮೆತ್ತಿಕೊಂಡಿತು. ಪಂಕ್ತಿಯಲ್ಲಿದ್ದವರೆಲ್ಲ ಊಟ ನಿಲ್ಲಿಸಿ ನನ್ನನ್ನೇ ನೋಡಿದರು. "ಅಯ್ಯೋ, ಮುದ್ದೆ ಅಗೀತಾಳೆ ಕಣ್ರೇ!" ಎಂದು ಯಾರೋ ಹೆಂಗಸು ಅಂದಿದ್ದಕ್ಕೆ ಮನೆಯೆಲ್ಲ ನಗು. ನಾಚಿಕೆಯಾಗಿ ಮುಂದಿನ ತುತ್ತನ್ನು ಅವರಂತೆಯೇ ನುಂಗಲು ಹೋದೆ, ಗಂಟಲಲ್ಲಿ ನಿಂತುಬಿಟ್ಟಿತು. ಉಸಿರು ಕಟ್ಟಿ ಕಣ್ಣಲ್ಲಿ ನೀರು ಬಂದು, ಯಾರೋ ಬೆನ್ನು ಗುದ್ದಿ, ಅಂತೂ ಬದುಕಿದೆ. ಅಂದಿನಿಂದ ನಾನು ಅನ್ನದವಳು. ನನ್ನ ಮಗಳ ಗಂಟಲಿಗೂ ಐದು ವರ್ಷ ತುಂಬುವವರೆಗೆ ಅದು ಇಳಿಯಕೂಡದು ಎಂದು ಅತ್ತೆಗೆ ಖಡಾಖಂಡಿತವಾಗಿ ಹೇಳಿದ್ದೆ. ಅವರು "ಹೂಂ" ಅಂದಿದ್ದರು.

ಅತ್ತೆ ಊಟದ ಉಸ್ತುವಾರಿ ವಹಿಸಿಕೊಂಡ ಮೇಲೆ ಪವಾಡ ಶುರುವಾಯಿತು. ಸಂಜೆ ಬಂದು "ಏನ್ ತಿಂದ್ಲು ಅತ್ತೆ?" ಎಂದರೆ, "ತಿಂದ್ಲು ಕಣವ್ವಾ, ಚೆನ್ನಾಗಿ ತಿಂದ್ಲು" ಎನ್ನುವರು. ನಾನು ಬೆಳಿಗ್ಗೆ ಮಾಡಿಟ್ಟು ಹೋದ ಪಲ್ಯದ ಬಟ್ಟಲು ತೊಳೆದು ಬೋರಲು ಹಾಕಿರುತ್ತಿತ್ತು. ಪ್ರತಿದಿನ. ಒಂದು ಚೂರೂ ಉಳಿದಿಲ್ಲ. ನನ್ನ ಬೆರಳು ಕಚ್ಚಿದ ಮಗು ಅಜ್ಜಿಯ ಕೈಯಲ್ಲಿ ನವಿಲುಕೋಸು ತಿನ್ನುತ್ತದೆಯೇ? ನನಗೆ ಸುತರಾಂ ನಂಬಿಕೆ ಬರಲಿಲ್ಲ.

ಒಂದು ಬೆಳಿಗ್ಗೆ ಹುರುಳಿಕಾಯಿ ಪಲ್ಯ ಮಾಡಿ, ಮಗಳ ಬಟ್ಟಲಿಗೆ ಎಣಿಸಿ ಹನ್ನೊಂದು ಚೂರು ಹಾಕಿದೆ. ಸಂಜೆ ಬಟ್ಟಲು ಖಾಲಿ. "ತಿಂದ್ಲು ಕಣವ್ವಾ." ನಾನು ನೇರವಾಗಿ ಕೊಟ್ಟಿಗೆಗೆ ಹೋದೆ. ಅಲ್ಲಿ ಎಮ್ಮೆಗೆಂದು ಅಕ್ಕಿ ತೊಳೆದ ನೀರು, ಮಿಕ್ಕ ಮುಸುರೆ ಎಲ್ಲ ಸುರಿಯುವ ಕಲಗಚ್ಚಿನ ಬಾನಿ ಇದೆ. ಸೀರೆ ಎತ್ತಿ ಸಿಕ್ಕಿಸಿ, ಬಳೆ ಹಿಂದಕ್ಕೆ ಸರಿಸಿ, ಮೊಳಕೈವರೆಗೂ ಕೈ ಹಾಕಿ ಕಲಕಿದೆ. ಎಮ್ಮೆ ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು. ಹನ್ನೊಂದೂ ಸಿಕ್ಕವು. ಒಂದರ ಮೇಲೆ ಪುಟ್ಟ ಹಲ್ಲಿನ ಗುರುತಿತ್ತು.

ಎಂಥಾ ಮೋಸ! ಮಗುವಿನ ರಕ್ತ ನೀರಾಗುತ್ತಿದೆ, ಎಮ್ಮೆ ಪಲ್ಯ ತಿಂದು ಕೊಬ್ಬುತ್ತಿದೆ. ಆಗಲೇ ಹೋಗಿ ಕೇಳಬೇಕಿತ್ತು. ಆದರೆ ನನ್ನ ಕೆಲಸದ ಬುದ್ಧಿ ಬಿಡಲಿಲ್ಲ. ಒಂದು ದಾಖಲೆ ಸಾಲದು, ಪೂರಾ ಕಡತವೇ ಬೇಕು ಎನಿಸಿತು. ತರಕಾರಿ ಎಮ್ಮೆಗೆ ಹೋದರೆ ಮಗುವಿಗೆ ಏನು ಹೋಗುತ್ತಿದೆ? ಬಿಸ್ಕತ್ತೋ, ಬೇಕರಿಯ ಬನ್ನೋ, ಬೆಲ್ಲವೋ?

ಅಂದಿನಿಂದ ಹುಡುಕಾಟಕ್ಕೆ ಬಿದ್ದೆ. ಮಗಳ ಬಾಯಿ ಮೂಸಿದೆ, ಸಿಹಿ ವಾಸನೆ ಇಲ್ಲ. ಅತ್ತೆಯ ಎಲೆಯಡಿಕೆ ಚೀಲ ತಡಕಿದೆ, ಸುಣ್ಣದ ಡಬ್ಬಿ ಬಿಟ್ಟು ಏನಿಲ್ಲ. ಮಗಳ ಬೆರಳ ತುದಿಗಳು ದಿನಾ ಹಸಿರಾಗಿರುತ್ತಿದ್ದವು. ಬಣ್ಣದ ಐಸ್‌ಕ್ಯಾಂಡಿ ಇರಬೇಕು ಎಂದುಕೊಂಡೆ. ಸೋಪು ಹಾಕಿ ಉಜ್ಜಿದರೂ ಹೋಗಲಿಲ್ಲ. ಫ್ರಾಕಿನ ಜೇಬಿನಲ್ಲಿ ಬಾಡಿದ ಎಲೆ ಸಿಕ್ಕವು. ರಾಗಿ ಹಿಟ್ಟಿನ ಡಬ್ಬ ಎಂದಿಗಿಂತ ಬೇಗ ತಳ ಕಾಣುತ್ತಿತ್ತು. ಸಂಜೆ ನಾನು ಅನ್ನ ಕೊಟ್ಟರೆ ಅವಳು ಅದನ್ನು ಪುಟ್ಟ ಪುಟ್ಟ ಉಂಡೆ ಕಟ್ಟಿ, ಅಗಿಯದೆ ಗುಳುಂ ಎಂದು ನುಂಗುತ್ತಿದ್ದಳು. "ಅಗಿ, ಅಗಿ" ಎಂದು ಬಡಿದುಕೊಂಡೆ. ನಾನು ಬಾಗಿಲಲ್ಲಿ ಕಾಣಿಸಿಕೊಂಡರೆ ಅಜ್ಜಿ ಮೊಮ್ಮಗಳ ಮಾತು ಟಕ್ಕನೆ ನಿಲ್ಲುತ್ತಿತ್ತು. ಇಬ್ಬರೂ ಒಟ್ಟಿಗೆ ಎಮ್ಮೆಯ ಕಡೆ ನೋಡುವರು.

ಒಂದು ಭಾನುವಾರ ಗಂಡನಿಗೆ ಇದನ್ನೆಲ್ಲ ಒಪ್ಪಿಸಿದೆ. ಅವರು ಶೇವ್ ಮಾಡಿಕೊಳ್ಳುತ್ತಿದ್ದರು.

"ಲೇ, ಅವ್ವ ನನ್ನ ಸಾಕಿಲ್ವೇನೇ?" ಅಂದರು.

"ನಿಮ್ಮ ರಕ್ತ ಯಾರ್ ನೋಡಿದ್ರು ಕಣ್ರೀ ಆವಾಗ?" ಅಂದೆ.

ಅವರು ಕನ್ನಡಿಯೊಳಗೇ ನನ್ನನ್ನು ನೋಡಿದರು. "ಹಂಗಾರೆ ನೀನೇ ಕೆಲ್ಸ ಬಿಟ್ಟು ಮನೇಲಿರು. ಬಾನಿ ಕಲಕ್ಕಂಡು." ಎರಡು ದಿನ ಮಾತು ಬಿಟ್ಟೆ.

ಡಾಕ್ಟರು ಹೇಳಿದ ಎರಡು ತಿಂಗಳಲ್ಲಿ ಒಂದೂವರೆ ತಿಂಗಳು ಕಳೆಯಿತು. ಒಂದು ದಿನ ಅಂಗಡಿಯಲ್ಲಿ ಹನ್ನೊಂದು ಗಂಟೆಗೇ ಸರ್ವರ್ ಡೌನ್ ಆಯಿತು. ಇವತ್ತಿಡೀ ಬರಲ್ಲ, ಮನೆಗೆ ಹೋಗಮ್ಮ ಎಂದರು ಮಾಲೀಕರು. ಬಸ್ ಹತ್ತಿದಾಗಿನಿಂದ ಒಂದೇ ಯೋಚನೆ, ಇವತ್ತು ಊಟದ ಹೊತ್ತಿಗೆ ಸರಿಯಾಗಿ ಹಿಡಿಯುತ್ತೇನೆ. ಮುಂಬಾಗಿಲಿಗೆ ಹೋಗಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಹಿತ್ತಲಿನ ಕಡೆಯಿಂದ ಬಂದೆ. ನನ್ನದೇ ಮನೆಗೆ ಕಳ್ಳಿಯ ಹಾಗೆ.

ಹಿತ್ತಿಲ ಬಾಗಿಲ ಸಂದಿಯಿಂದ ನೋಡಿದೆ. ಅಡುಗೆಮನೆಯ ನೆಲದಲ್ಲಿ ಅಜ್ಜಿ ಮೊಮ್ಮಗಳು ಎದುರುಬದುರು ಕುಳಿತಿದ್ದರು, ನಡುವೆ ಒಂದೇ ತಟ್ಟೆ. ತಟ್ಟೆಯಲ್ಲಿ ಮುದ್ದೆ, ಸುತ್ತಲೂ ಕಡುಹಸಿರಿನ ಮಸ್ಸೊಪ್ಪು. ಮಗಳು ತಾನೇ ಮುದ್ದೆಯಿಂದ ಕಡಲೆಕಾಳಿನಷ್ಟು ಚಿವುಟಿ, ಅಂಗೈಯಲ್ಲಿ ಉರುಟಿ, ಮಸ್ಸೊಪ್ಪಿನಲ್ಲಿ ಚೆನ್ನಾಗಿ ಹೊರಳಿಸಿ, ಬಾಯಿಗೆ ಹಾಕಿ, ಕತ್ತು ಸ್ವಲ್ಪ ಮುಂದೆ ಚಾಚಿ ಗುಳುಂ ಎನ್ನಿಸುತ್ತಿದ್ದಳು. ನುಂಗಿದ ಮೇಲೆ ನಾಲಿಗೆ ಚಪ್ಪರಿಸುವಳು. ಬಾಯಿ ತುಂಬ ಮಾತು ಬೇರೆ, ಕೋಳಿಮರಿಯದ್ದೋ ಏನೋ. ಅತ್ತೆ ಅವಳ ಕಡೆ ನೋಡುತ್ತಲೇ ಇರಲಿಲ್ಲ. ತಮ್ಮ ಪಾಡಿಗೆ ತಾವು ಉಣ್ಣುತ್ತ, "ಹೌದಾ? ಆಮ್ಯಾಕೆ?" ಎನ್ನುತ್ತಿದ್ದರು.

ನಾನು ಸೊಪ್ಪನ್ನು ನೋಡಲಿಲ್ಲ. ಮುದ್ದೆಯನ್ನು ಮಾತ್ರ ನೋಡಿದೆ. ಬಾಗಿಲನ್ನು ದಢಾರನೆ ತಳ್ಳಿ, "ಏನ್ ಕೊಡ್ತಿದ್ದೀರಾ ಅವಳಿಗೆ!" ಎಂದು ಕಿರುಚಿದೆ.

ಮಗಳು ಬೆಚ್ಚಿ ತಿರುಗಿದಳು. ತುತ್ತು ಗಂಟಲಲ್ಲಿತ್ತು. ಕೆಮ್ಮಲಿಲ್ಲ, ಅಳಲಿಲ್ಲ, ಕಣ್ಣು ಮಾತ್ರ ದೊಡ್ಡದಾಗುತ್ತ ಹೋಯಿತು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆ ತಟ್ಟೆಯನ್ನು ಒದ್ದು, ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು, ಬೆನ್ನ ನಡುವೆ ಒಂದು, ಎರಡು, ಮೂರನೆಯ ಸಲ ಗುದ್ದಿದಾಗ ಆ ತುತ್ತು ನೆಲಕ್ಕೆ ಬಿತ್ತು. ಆಮೇಲೆ ಅಳು. ಅಷ್ಟು ಚಂದದ ಅಳುವನ್ನು ನಾನು ಎಂದೂ ಕೇಳಿಲ್ಲ.

ಎತ್ತಿಕೊಳ್ಳಲು ಹೋದೆ. ಅವಳು ಅಜ್ಜಿಯ ಸೆರಗಿನೊಳಗೆ ಮುಖ ಹುದುಗಿಸಿದಳು.

"ಬೇಡ ಅಂದಿದ್ನಲ್ಲ ಅತ್ತೆ" ಎಂದೆ.

"ಅಂದಿದ್ದೆ. ನಂಗೂ ಕಿವಿ ಐತೆ." ಅವರು ಮಗುವಿನ ಬೆನ್ನು ಸವರುತ್ತಲೇ ಇದ್ದರು. "ಕೂಸು ಗ್ವಾಡೆ ಮಣ್ಣು ತಿನ್ನೋದ ನೋಡ್ಕಂಡು ಸುಮ್ನೆ ಕೂರಕ್ಕಾಗ್ಲಿಲ್ಲ ಕಣವ್ವಾ. ಹಲ್ಲಿಗ್ ಸಿಕ್ಕಿದ್ರೆ ಉಗೀತಾಳೆ. ಮುದ್ದೇಲಿ ಹಲ್ಲಿಗೇನ್ ಕೆಲ್ಸ? ಸೊಪ್ಪೂ ಅದ್ರ ಜೊತೀಗೆ ಹೊಂಟೋಯ್ತದೆ. ತಿಂಗ್ಳ ಮ್ಯಾಲಾಯ್ತು. ಒಂದಿನ, ಒಂದೇ ಒಂದಿನ ಸಿಗಾಕ್ಕಂಡಿಲ್ಲ. ಇವತ್ತು ಸಿಗಾಕ್ಕಂತು."

ಇವತ್ತು ಕಿರುಚಿದವಳು ನಾನು.

ಹಸಿರು ಬೆರಳಿನ ಗುಟ್ಟೂ ಅಂದೇ ತಿಳಿಯಿತು. ಮಳೆ ಬಿದ್ದ ಮೇಲೆ ಹೊಲದಲ್ಲಿ ತಾನಾಗಿ ಹುಟ್ಟುವ ಬೆರಕೆ ಸೊಪ್ಪನ್ನು ದಿನಾ ಬೆಳಿಗ್ಗೆ ಇಬ್ಬರೂ ಹೋಗಿ ಕುಯ್ದು ತರುತ್ತಿದ್ದರಂತೆ. ಅಣ್ಣೆ, ಗಣಿಕೆ, ಹೊನಗೊನೆ, ಹೀಗೆ. ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂದು ಮಗಳಿಗೆ ಗೊತ್ತಿತ್ತು. ನನಗೆ ಇವತ್ತಿಗೂ ಅಣ್ಣೆ ಸೊಪ್ಪಿಗೂ ಕಳೆಗೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅನುಮಾನ ಬಗೆಹರಿಯಿತು, ಸಂಕಟ ಶುರುವಾಯಿತು. ಮಾರನೆಯ ದಿನ ಮಗಳು ಮುದ್ದೆ ಮುಟ್ಟಲಿಲ್ಲ. ಅಜ್ಜಿ ಕರೆದರೂ ಬರಲಿಲ್ಲ. ಬಾಗಿಲ ಕಡೆ ನೋಡುವಳು, ಕೈ ಹಿಂದಕ್ಕೆಳೆದುಕೊಳ್ಳುವಳು. ಮೂರನೆಯ ದಿನ ಮತ್ತೆ ಹೊಸಿಲ ಮೇಲೆ ಕುಳಿತಳು, ಗೋಡೆಗೆ ಉಗುರು ಹಾಕಿದ್ದನ್ನು ನಾನೇ ಕಂಡೆ. ತರೀಕೆರೆಗೆ ಹೋಗಲು ಉಳಿದಿದ್ದು ಹನ್ನೆರಡು ದಿನ. ಅಂಗಡಿಯಲ್ಲಿ ಯಾರದ್ದೋ ಖಾತೆಗೆ ಯಾರದ್ದೋ ಸರ್ವೆ ನಂಬರು ಹೊಡೆದು ಬೈಸಿಕೊಂಡೆ. ಎರಡು ದಿನ ರಜೆ ಹಾಕಿದೆ.

ಅಡುಗೆಮನೆಗೆ ಹೋಗಿ ಅತ್ತೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತೆ. "ತಪ್ಪಾಯ್ತು ಅತ್ತೆ. ಏನ್ ಮಾಡ್ಲಿ ಹೇಳಿ" ಎಂದೆ. ಪಾತ್ರೆಯನ್ನು ಕಾಲಿನ ಸಂದಿಯಲ್ಲಿ ಅಮುಕಿ ಮುದ್ದೆ ಕೋಲಿನಿಂದ ಹಿಟ್ಟು ತಿರುವುತ್ತಿದ್ದ ಅತ್ತೆ ನನ್ನ ಮುಖ ನೋಡಿದರು.

"ನೀನು ನೋಡ್ಬ್ಯಾಡ ಕಣವ್ವಾ. ಅಷ್ಟೇಯಾ."

"ನೋಡದೇ ಇದ್ರೆ ತಿಂದ್ಲೋ ಬಿಟ್ಲೋ ಹೆಂಗ್ ಗೊತ್ತಾಗ್ಬೇಕು?"

"ಗೊತ್ತಾಗದೆ ಬ್ಯಾಡ."

ನನ್ನಂಥವಳಿಗೆ ಇಂಥ ಮಾತು! ಆದರೂ ಅಂದು ಮಗಳಿಗೆ ಬೆನ್ನು ಹಾಕಿ, ಗೋಡೆಯ ಕಡೆ ಮುಖ ಮಾಡಿ ಕುಳಿತೆ. ನನ್ನ ತಟ್ಟೆಗೂ ಒಂದು ಮುದ್ದೆ ಹಾಕಿಸಿಕೊಂಡೆ. ಮದುವೆಯಾದ ಹೊಸದರಲ್ಲಿ ಬಿಟ್ಟಿದ್ದು. ಚಿಕ್ಕದಾಗಿ ಚಿವುಟಿ ಮಸ್ಸೊಪ್ಪಿನಲ್ಲಿ ಹೊರಳಿಸಿ ಬಾಯಿಗೆ ಹಾಕಿದೆ. ಹಲ್ಲು ತಾನಾಗಿ ಕೂಡಿಕೊಂಡಿತು, ಅಂಗುಳಕ್ಕೆಲ್ಲ ಮೆತ್ತಿತು. ಹಿಂದಿನಿಂದ ಸದ್ದಿಲ್ಲ. ತಿರುಗಿ ನೋಡಬೇಕು ಎಂದು ಕತ್ತಿನ ನರ ಎಳೆಯುತ್ತಿತ್ತು. ಹಲ್ಲು ಕಚ್ಚಿಕೊಂಡು ಕುಳಿತೆ.

ಮೊದಲ ದಿನ ಏನೂ ಆಗಲಿಲ್ಲ. ಎರಡನೆಯ ದಿನ ಪುಟ್ಟ ಹೆಜ್ಜೆಯ ಸದ್ದಾಯಿತು. ಮಗಳು ಸುತ್ತು ಬಳಸಿ ನನ್ನ ಮುಂದೆ ಬಂದು ನಿಂತಳು. ಸೊಂಟದ ಮೇಲೆ ಕೈ.

"ಬಾಯಿ ತೆಗಿ, ನೋಡಾಣ" ಅಂದಳು.

ತೆಗೆದೆ. ಬಗ್ಗಿ ಒಳಗೆ ನೋಡಿದಳು. ನಾಲಿಗೆ ಎತ್ತು ಅಂದಳು, ಎತ್ತಿದೆ. ಆಮೇಲೆ ಬೆರಳನ್ನು ನನ್ನ ಕೆನ್ನೆಯ ಸಂದಿಗೆ ಹಾಕಿ, ಅಲ್ಲಿ ಮೆತ್ತಿಕೊಂಡಿದ್ದ ಹಿಟ್ಟನ್ನು ಗೀರಿ ಹೊರಗೆ ತೆಗೆದು ನನ್ನ ಕಣ್ಣಿಗೇ ಹಿಡಿದಳು. ಉಗುರು ತಾಗಿ ಉರಿಯಿತು. ಇಷ್ಟು ದಿನ ನಾನು ಅವಳಿಗೆ ಮಾಡಿದ್ದು ಇದೇ.

"ಅಜ್ಜೀ, ಅಮ್ಮ ಅಗಿದ್ಬಿಟ್ಟವ್ಳೆ!"

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುತ್ತಿತ್ತು. "ಹಂಗಲ್ಲ, ಹಿಂಗೆ" ಎಂದು ಮಗಳು ನನ್ನ ತಟ್ಟೆಯಿಂದಲೇ ಒಂದು ಚೂರು ಚಿವುಟಿದಳು. ನಾನು ಥಟ್ಟನೆ ಕಣ್ಣು ಮುಚ್ಚಿಕೊಂಡೆ. ಗುಳುಂ ಎಂಬ ಸದ್ದು ಕೇಳಿಸಿತು. ಮತ್ತೊಂದು. ಮತ್ತೆ ಒಂದು. ಎಣಿಸಬೇಕು ಅನ್ನಿಸಿತು, ಎಣಿಸಲಿಲ್ಲ.

ಆಮೇಲೆ ದಿನವೂ ಹಾಗೇ ನಡೆಯಿತು. ಮೊದಲಿನ ಹಾಗೆ ಅಜ್ಜಿ ಮೊಮ್ಮಗಳು ಬೆಳಿಗ್ಗೆ ಹೊಲಕ್ಕೆ ಹೋಗುವರು. ಪಲ್ಯ ಮಾಡುವುದನ್ನು ನಾನು ಬಿಟ್ಟೆ, ಎಮ್ಮೆಗೆ ಬೇಜಾರಾಗಿರಬೇಕು. ನಾನು ಮನೆಯಲ್ಲಿದ್ದ ದಿನ ಗೋಡೆಯ ಕಡೆ ಮುಖ ಮಾಡಿ ಉಣ್ಣುವೆ. ಅನುಮಾನವೇನೂ ಸಾಯಲಿಲ್ಲ. ಟಾನಿಕ್ ಬಾಟಲಿಗೆ ಪೆನ್ನಿನಲ್ಲಿ ಗೆರೆ ಎಳೆದು ಇಟ್ಟಿದ್ದೆ. ಬಾನಿಯ ಹತ್ತಿರ ಹೋಗುವಾಗ ಒಳಗೆ ಇಣುಕುವ ಚಪಲವೂ ಇತ್ತು.

ತರೀಕೆರೆಗೆ ಹೋಗುವ ದಿನ ಅತ್ತೆಯನ್ನೂ ಹೊರಡಿಸಿದೆ. ರಕ್ತ ಕೊಟ್ಟು, ಚೀಟಿ ಬರುವವರೆಗೂ ಬೆಂಚಿನ ಮೇಲೆ ಕುಳಿತೆವು. ಚೀಟಿ ನೇರವಾಗಿ ಡಾಕ್ಟರ ಮೇಜಿಗೆ ಹೋಯಿತು. ನಾನು ಮಗಳನ್ನು ಎತ್ತಿಕೊಂಡು ಒಳಗೆ ಹೋದೆ, ಅತ್ತೆ ಹೊರಗೇ ಉಳಿದರು. ಡಾಕ್ಟರು ಟಾರ್ಚ್ ಹಿಡಿದು "ಆ ಅನ್ನು ಪುಟ್ಟಿ" ಎಂದರು. ಮಗಳು ತುಟಿ ಬಿಗಿದುಕೊಂಡಳು. ಮತ್ತೆ ಕೇಳಿದರು. ಅವಳು ನನ್ನನ್ನು ನೋಡಿದಳು.

"ಅಮ್ಮಾ, ನೀ ಆ ಕಡೆ ತಿರುಕ್ಕ."

ಡಾಕ್ಟರು ನಕ್ಕರು. ನನಗೆ ನಗು ಬರಲಿಲ್ಲ. ಚೀಟಿ ಅಲ್ಲೇ ಮೇಜಿನ ಮೇಲಿತ್ತು, ಒಂದು ಹೆಜ್ಜೆ ಮುಂದೆ ಹೋದರೆ ಓದಬಹುದಿತ್ತು. ನಾನು ಗೋಡೆಯ ಕಡೆ ತಿರುಗಿ ನಿಂತೆ. ಹಿಂದೆ ಅವಳು "ಆ" ಎಂದದ್ದು ಕೇಳಿಸಿತು. ಟಾರ್ಚಿನ ಗುಂಡಿ ಟಕ್ಕೆಂದಿತು. ಕಾಗದ ಸರಿದಾಡಿತು.

"ಶಿವಮೊಗ್ಗ ಬೇಡಮ್ಮ" ಎಂದರು ಡಾಕ್ಟರು. "ಚೆನ್ನಾಗಿ ಏರಿದೆ. ಟಾನಿಕ್ ಇನ್ನೂ ಸ್ವಲ್ಪ ದಿನ ಮುಂದುವರಿಸಿ. ಊಟಕ್ಕೆ ಏನ್ ಕೊಡ್ತಿದ್ದೀರಾ?"

ಹೇಳಲು ಬಾಯಿ ತೆಗೆದೆ. ಯಾವ ಸೊಪ್ಪು, ಎಷ್ಟು ತುತ್ತು, ಯಾವ ಹೊತ್ತಿಗೆ, ಯಾವುದೂ ನನಗೆ ಗೊತ್ತಿರಲಿಲ್ಲ.

"ನಾನು ನೋಡಿಲ್ಲ ಡಾಕ್ಟ್ರೇ" ಎಂದೆ. "ಒಂದ್ನಿಮಿಷ ಇರಿ, ನಮ್ಮತ್ತೇನ ಕರೀತೀನಿ."